ಶೇಂಗಾ, ಬೆಲ್ಲ ಎರಡೂ ಒಟ್ಟಿಗೇ

"ಬೆಲ್ಲಾ ಯಾವ ಬ್ರೀಡ್ ಆಂಟಿ?"

ಎರಡು ನಾಯಿಗಳಿಗೆ ಮನೆ ಬೇಕು ಅಂತ ನಾನು ಹಾಕಿದ ಜಾಹೀರಾತು ನೋಡಿ ಮೊದಲು ಫೋನ್ ಮಾಡಿದ ಹುಡುಗಿ ಕೇಳಿದ್ದು ಇದು. ಹೆಸರು ಕೇಳಿ ಯಾವುದೋ ಇಂಗ್ಲಿಷ್ ನಾಯಿ ಅಂದುಕೊಂಡಿದ್ದಳು ಪಾಪ. ಬೆಲ್ಲಾ ಅಲ್ಲಮ್ಮ, ಬೆಲ್ಲ. ಮರಾಠಿಯಲ್ಲಿ ನೀವು ಗೂಳ್ ಅಂತೀರಲ್ಲ, ಅದು. ಮೈಬಣ್ಣ ಹಾಗಿದೆ ಅಂತ ಆ ಹೆಸರು. ಜೊತೆಗಿರೋನು ಶೇಂಗಾ. ಇಬ್ಬರೂ ನಮ್ಮ ಬೀದಿ ನಾಯಿಗಳೇ, ಹತ್ತರ ಹತ್ತಿರ ವಯಸ್ಸು ಅಂದೆ. "ಓಕೆ ಆಂಟಿ, ಮನೇಲಿ ಕೇಳಿ ಹೇಳ್ತೀನಿ" ಅಂದಳು. ಮನೇಲಿ ಇನ್ನೂ ಕೇಳ್ತಾನೇ ಇರಬೇಕು.

ಈ ಎರಡು ನಾಯಿಗಳು ನನ್ನವಲ್ಲ, ನಮ್ಮ ಕೆಳಗಿನ ಮನೆಯ ಕಾಕುವಿನವು. ನಾವಿರೋದು ಪುಣೆಯ ಕರ್ವೆನಗರದಲ್ಲಿ. ಹಳೇ ಬಿಲ್ಡಿಂಗು, ಲಿಫ್ಟ್ ಇಲ್ಲ. ನಮ್ಮದು ಎರಡನೇ ಮಹಡಿ, ಕಾಕುದು ನೆಲಮಹಡಿ. ಅವರು ವಿಜಯಪುರದ ಕಡೆಯವರು, ನಾನು ಧಾರವಾಡದವಳು. ಕಾಕು ಅಂದರೆ ನಮ್ಮಲ್ಲೂ ಚಿಕ್ಕಮ್ಮ, ಮರಾಠಿಯಲ್ಲೂ ಅದೇ. ಹಾಗಾಗಿ ಅವರು ಇಡೀ ಬಿಲ್ಡಿಂಗಿಗೇ ಕಾಕು.

2016ರಲ್ಲಿ ನಮ್ಮ ಹಿಂದಿನ ಪ್ಲಾಟಿನಲ್ಲಿ ಏಳು ಮಹಡಿ ಕಟ್ಟಡ ಎದ್ದಿತು. ಕೆಲಸ ನಡೆಯುವಷ್ಟು ದಿನ ವಾಚ್‌ಮನ್ ಕುಟುಂಬ ತಗಡಿನ ಶೆಡ್ಡಿನಲ್ಲಿತ್ತು. ಮಕ್ಕಳು ಎರಡು ಮರಿ ಸಾಕಿಕೊಂಡಿದ್ದರು. ಪುಣೆಯಲ್ಲಿ ಇದೇನು ಹೊಸದಲ್ಲ. ಕಟ್ಟಡ ಮುಗಿಯುತ್ತದೆ, ಶೆಡ್ ಕೀಳುತ್ತಾರೆ, ಕುಟುಂಬ ಮುಂದಿನ ಸೈಟಿಗೆ ಹೋಗುತ್ತದೆ, ನಾಯಿ ಅಲ್ಲೇ ಉಳಿಯುತ್ತದೆ. ಈ ಎರಡೂ ಶೆಡ್ ಇದ್ದ ಜಾಗದಲ್ಲೇ, ಬರೀ ನೆಲದ ಮೇಲೆ, ಒಂದರ ಬೆನ್ನಿಗೆ ಒಂದು ಆತು ಮಲಗುತ್ತಿದ್ದವು. ಕಾಕು ದಿನಾ ಭಾಕರಿ, ಅಂದರೆ ಜೋಳದ ರೊಟ್ಟಿ, ಹಾಕಿದರು. ಒಂದು ಮಳೆ ರಾತ್ರಿ ಬಾಗಿಲು ತೆರೆದು "ಬರ್ರಿ ಒಳಗ" ಅಂದರು. ಆಮೇಲೆ ಅವು ಹೊರಗೆ ಮಲಗಲೇ ಇಲ್ಲ. ಆಪರೇಷನ್ ಮಾಡಿಸಿದ ಗುರುತಿಗೆ ಇಬ್ಬರ ಕಿವಿ ತುದಿಯೂ ಸ್ವಲ್ಪ ಕತ್ತರಿಸಿದೆ. ಅಣ್ಣ ತಂಗಿಯೋ, ಬರೀ ಜೊತೆಯಲ್ಲಿ ಬೆಳೆದವೋ, ಯಾರಿಗೆ ಗೊತ್ತು.

2025ರ ಜೂನ್‌ನಲ್ಲಿ ಕಾಕು ಬಾತ್‌ರೂಮಿನಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ. ಆಪರೇಷನ್ ಆಯಿತು. ಮಗ ಬಂದು ಬೆಂಗಳೂರಿಗೆ ಕರಕೊಂಡು ಹೋದ. ಅವನದು ಬಾಡಿಗೆ ಮನೆ, ಆರು ತಿಂಗಳ ಕೂಸು ಬೇರೆ. ಹೋಗುವ ದಿನ ಕಾರಿನಲ್ಲಿ ಕೂತು ಕಾಕು ನನ್ನ ಕೈ ಹಿಡಿದರು. ನಾಯಿ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಗನೇ ಆಮೇಲೆ ಮೆಲ್ಲಗೆ, "ಅಕ್ಕಾರ, ನೀವೇ ಏನರ ನೋಡ್ರಿ. ಖರ್ಚು ನಾ ಕೊಡ್ತೀನಿ" ಅಂದ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು, ಯಾಕೆಂದರೆ ಕನಿಷ್ಠ ಮೂವತ್ತು ಜನ ಇದನ್ನೇ ಕೇಳಿದ್ದಾರೆ: "ನೀವೇ ಇಟ್ಕೋಬಹುದಲ್ವಾ?" ಇಟ್ಕೊಂಡಿದ್ದೆ. ಎರಡೂವರೆ ತಿಂಗಳು. ನಮ್ಮ ಮನೆ ಒಂದೇ ಬೆಡ್‌ರೂಮಿನದು. ಅತ್ತೆಗೆ ಎಂಬತ್ತೊಂದು, ವಾಕರ್ ಹಿಡಿದು ನಡೀತಾರೆ, ರಕ್ತ ತೆಳುವಾಗೋ ಮಾತ್ರೆ ತಗೋತಾರೆ. ಶೇಂಗಾನಿಗೆ ಕಣ್ಣು ಸರಿಯಿಲ್ಲ, ಮೂರನೇ ದಿನವೇ ವಾಕರ್‌ಗೆ ಡಿಕ್ಕಿ ಹೊಡೆದ. ಅತ್ತೆ ಗೋಡೆ ಹಿಡಿದು ನಿಂತರು, ಬೀಳಲಿಲ್ಲ. ಒಬ್ಬ ಮುದುಕಿ ಬಿದ್ದು ಅನಾಥವಾದ ನಾಯಿಗಳಿಂದ ಇನ್ನೊಬ್ಬ ಮುದುಕಿ ಬಿದ್ದರೆ ಏನು ಕಥೆ? ಬೆಲ್ಲಳಿಗೆ ಹಿಂಗಾಲು ನೋವು, ದಿನಕ್ಕೆ ಮೂರು ಸಲ ಎರಡು ಮಹಡಿ ಇಳಿದು ಹತ್ತಬೇಕು. ಕೊನೆಗೆ ನಾನೇ ಎತ್ತಿಕೊಂಡು ಹತ್ತುತ್ತಿದ್ದೆ. ಹದಿನೆಂಟು ಕಿಲೋ.

ಶೆಲ್ಟರ್‌ಗಳಿಗೂ ಫೋನ್ ಮಾಡಿದೆ. ಎಲ್ಲ ಕಡೆ ಜಾಗ ಭರ್ತಿ. ಒಬ್ಬಾಕೆ ನೇರವಾಗಿ ಹೇಳಿದರು: "ತಂದು ಬಿಟ್ಟರೆ ಬೇಡ ಅನ್ನೋಕಾಗಲ್ಲ. ಆದರೆ ಹತ್ತು ವರ್ಷ ಸೋಫಾ ಮೇಲೆ ಮಲಗಿದ ನಾಯಿ ಇಲ್ಲಿ ಊಟ ಬಿಡುತ್ತೆ. ಇಲ್ಲಿಗೆ ಬರೋರೆಲ್ಲ ಮರಿ ಹುಡುಕಿಕೊಂಡೇ ಬರ್ತಾರೆ." ಅವರು ಕಟುವಾಗಿ ಮಾತಾಡಿದರು ಅಂತ ಆಗ ಸಿಟ್ಟು ಬಂತು. ಈಗ ಅವರೇ ಸರಿ ಅನಿಸುತ್ತೆ. ನಮ್ಮ ಬಿಲ್ಡಿಂಗಿನ ಒಬ್ಬರು ಇನ್ನೂ ಸುಲಭದ ದಾರಿ ಹೇಳಿದರು: "ರಸ್ತೆಯಿಂದ ಬಂದಿದ್ದು, ರಸ್ತೆಗೇ ಬಿಡಿ." ಸಾಕಿದ ಪ್ರಾಣಿಯನ್ನು ಬೀದಿಗೆ ಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? 10 ರೂಪಾಯಿಯಿಂದ 50 ರೂಪಾಯಿ. ಒಂದು ವಡಾಪಾವ್, ಒಂದು ಚಹಾ. ಹಾಗಾಗಿ ಅವರಿಗೆ ಕಾನೂನು ಹೇಳಲು ಹೋಗಲಿಲ್ಲ. ಸುಮ್ನೆ ಮುಖ ನೋಡಿ ಬಂದೆ.

ಮೊದಲು ಮಾಡಿದ್ದು ಡಾಕ್ಟರ್ ಹತ್ತಿರ ಕರಕೊಂಡು ಹೋಗಿದ್ದು. ರಕ್ತ ಪರೀಕ್ಷೆ, ಕಿಡ್ನಿ, ಲಿವರ್, ಹಲ್ಲು, ಎಲ್ಲ. ಶೇಂಗಾನಿಗೆ ಪ್ಲೇಟ್‌ಲೆಟ್ ಕಡಿಮೆ ಬಂತು. ಉಣ್ಣಿ ಜ್ವರ. ನಮ್ಮ ಕಡೆ ನಾಯಿಗಳಿಗೆ ತುಂಬ ಸಾಮಾನ್ಯ, ಅದೂ ಮಳೆಗಾಲದಲ್ಲಿ. ಡಾಕ್ಸಿಸೈಕ್ಲಿನ್ ಮಾತ್ರೆ, 28 ದಿನ, ಒಂದೂ ತಪ್ಪಬಾರದು. ನಾನು ಜಾಣೆ, ಮೊದಲ ದಿನ ಮೊಸರನ್ನದಲ್ಲಿ ಅಡಗಿಸಿ ಕೊಟ್ಟೆ. ಡಾಕ್ಟರ್ ಬೈದರು. ಹಾಲು ಮೊಸರಿನ ಜೊತೆ ಆ ಮಾತ್ರೆ ಮೈಗೆ ಸರಿಯಾಗಿ ಹತ್ತಲ್ಲವಂತೆ, ಬರೀ ಹೊಟ್ಟೆಗೂ ಕೊಡಬಾರದಂತೆ, ವಾಂತಿ ಆಗುತ್ತೆ. ಆಮೇಲೆ ಬೇಯಿಸಿದ ಮೊಟ್ಟೆ. ಮೊಟ್ಟೆ ಒಡೆದು ಹಳದಿಯ ಮಧ್ಯೆ ಮಾತ್ರೆ ಒತ್ತಿ, ಮೊದಲು ಬೆಲ್ಲಳಿಗೆ ಮಾತ್ರೆ ಇಲ್ಲದ ತುಂಡು ತೋರಿಸಬೇಕು. ಅವಳು ಬಾಯಿ ಹಾಕುವಷ್ಟರಲ್ಲಿ ಶೇಂಗಾ ತನ್ನದನ್ನು ಗುಳುಂ ಮಾಡಿರುತ್ತಿದ್ದ. ತನ್ನ ಪಾಲು ಅವಳಿಗೆ ಹೋದರೆ ಅನ್ನೋ ಹೆದರಿಕೆ.

ಅವನ ಕಣ್ಣೂ ನೋಡಿದರು. ವಯಸ್ಸಾದ ನಾಯಿಯ ಕಣ್ಣು ನೀಲಿ ಮಬ್ಬಾಗಿ ಕಂಡರೆ ಎಲ್ಲವೂ ಪೊರೆಯಲ್ಲ, ಒಳಗಿನ ಲೆನ್ಸ್ ಗಟ್ಟಿಯಾದರೂ ಹಾಗೇ ಕಾಣುತ್ತೆ, ಅದರಲ್ಲಿ ನೋಟ ಅಷ್ಟೇನೂ ಹೋಗಲ್ಲ ಅಂದರು. ಸ್ವಲ್ಪ ಆಸೆ ಬಂತು. ಟಾರ್ಚ್ ಬಿಟ್ಟು ನೋಡಿ, "ಆದರೆ ಇವನದು ಪೊರೆಯೇ" ಅಂದರು. ಬೆಲ್ಲಳದು ಸಂಧಿವಾತ. ಹಲ್ಲು ಇಬ್ಬರದೂ ಹಾಳು.

ಜುಲೈ ಕೊನೆಗೆ ಮೊದಲ ಜಾಹೀರಾತು ಬರೆದೆ. ಈಗ ಓದಿದರೆ ನಾಚಿಕೆಯಾಗುತ್ತೆ. ಒಳ್ಳೇ ಬೆಳಕಲ್ಲಿ ತೆಗೆದ ಫೋಟೊ, ಇಬ್ಬರೂ ನಗೋ ಹಾಗೆ ಕಾಣ್ತಾರೆ. "ತುಂಬ ಮುದ್ದು, ಮನೆಯಲ್ಲಿ ಬೆಳೆದದ್ದು, ಲಸಿಕೆ ಆಗಿದೆ" ಅಂತ ಬರೆದೆ. ಸುಳ್ಳು ಒಂದೂ ಇಲ್ಲ. ಪೊರೆ ಇದೆ ಅಂತಲೂ ಇಲ್ಲ, ಕಾಲು ನೋವು ಅಂತಲೂ ಇಲ್ಲ. ವಯಸ್ಸು "ಪ್ರೌಢ" ಅಂತ ಹಾಕಿದ್ದೆ. ಹುಡುಗಿ ಎಲ್ಲ ಕೆಲಸ ಬಲ್ಲಳು ಅಂತ ಮದುವೆಗೆ ಬಯೋಡೇಟಾ ಬರೀತಾರಲ್ಲ, ಹಾಗೆ.

ಫೋನ್ ಬಂತು ನೋಡಿ, ದಿನವೆಲ್ಲ. ಆಗಸ್ಟ್ 11ರಂದು ದಿಲ್ಲಿಯ ಬೀದಿ ನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ಗೆ ಹಾಕಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು, 22ರಂದು ಅದನ್ನು ಬದಲಿಸಿ, ರೇಬೀಸ್ ಇರೋ ಮತ್ತು ಮೇಲೆರಗೋ ನಾಯಿ ಬಿಟ್ಟು ಉಳಿದವನ್ನು ಲಸಿಕೆ, ಆಪರೇಷನ್ ಮಾಡಿ ಅಲ್ಲೇ ವಾಪಸ್ ಬಿಡಿ ಅಂದಿದ್ದು ನೆನಪಿರಬೇಕು. ದಿಲ್ಲಿಯ ಮಾತಾದರೂ ಇಲ್ಲಿ ನನ್ನ ವಾಟ್ಸಾಪ್ ಗುಂಪುಗಳಲ್ಲೆಲ್ಲ ನಾಯಿಯದೇ ಜಗಳ, ನಾಯಿಯದೇ ಫೋಟೊ. ಕೆಲವರು ಮೂರು ದಿನದ ಉತ್ಸಾಹದಲ್ಲಿ ಫೋನ್ ಮಾಡಿದರು. "ಕಚ್ತಾವಾ?" "ಗಂಡು ಮಾತ್ರ ಕೊಡ್ತೀರಾ?" "ಮರಿ ಇದ್ದರೆ ಹೇಳಿ." ಒಬ್ಬ ಹುಡುಗ ವಿಮಾನನಗರದಿಂದ ಬಂದು ಎರಡು ಗಂಟೆ ನೆಲದ ಮೇಲೆ ಕೂತು ಇಬ್ಬರನ್ನೂ ತಡವಿದ. ಕೊನೆಗೆ ಗೊತ್ತಾಯಿತು, ಬಾಡಿಗೆ ಕರಾರಿನಲ್ಲಿ ನಾಯಿ ಬೇಡ ಅಂತ ಬರೆದಿದೆ. ಅಪಾರ್ಟ್‌ಮೆಂಟ್ ಸೊಸೈಟಿ ಸಾಕುಪ್ರಾಣಿ ಬೇಡ ಅನ್ನೋ ಹಾಗಿಲ್ಲ, ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಆದರೆ ಓನರ್ ಜೊತೆ ತಾನೇ ಸಹಿ ಹಾಕಿದ ಕರಾರಿಗೆ ಏನು ಹೇಳೋದು? ಒಳ್ಳೇ ಹುಡುಗ, ಹೋಗುವಾಗ ಕಣ್ಣು ಒರೆಸಿಕೊಂಡ.

ಇನ್ನೊಬ್ಬರಿಗೆ ಜುನ್ನರ್ ಹತ್ತಿರ ತೋಟದ ಮನೆ. "ಓಡಾಡೋಕೆ ಬೇಕಾದಷ್ಟು ಜಾಗ ಇದೆ, ಎರಡೂ ಕೊಡಿ" ಅಂದರು. ಎರಡೂ ಅಂದದ್ದು ಇವರೊಬ್ಬರೇ, ನನಗೆ ಖುಷಿಯೋ ಖುಷಿ. ರಾತ್ರಿ ಎಲ್ಲಿ ಮಲಗ್ತಾವೆ ಅಂತ ಕೇಳಿದೆ. "ಹೊರಗೆ, ಕಾವಲಿಗೆ." ಜುನ್ನರ್ ಕಡೆ ಕಬ್ಬಿನ ಗದ್ದೆಯಲ್ಲೇ ಚಿರತೆ ಮರಿ ಹಾಕುತ್ತೆ. ಮನೆ ಮುಂದೆ ಕಟ್ಟಿದ ನಾಯಿ ಅದಕ್ಕೆ ಸಲೀಸಾದ ಊಟ. ಕಣ್ಣು ಕಾಣದ ಶೇಂಗಾ, ಓಡಲಾಗದ ಬೆಲ್ಲ, ಕಾವಲು! ಆಗಲ್ಲ ಸರ್ ಅಂದೆ. "ಬೀದಿ ನಾಯಿಗೆ ಇಷ್ಟೆಲ್ಲ ನಖರಾನಾ" ಅಂತ ಇಟ್ಟುಬಿಟ್ಟರು.

ನಿಜವಾಗಿ ಕಷ್ಟವಾಗಿದ್ದು ಕೆಟ್ಟವರಿಂದಲ್ಲ. ಔಂಧ್‌ನಿಂದ ಒಂದು ಕುಟುಂಬ ಬಂತು. ಗಂಡ, ಹೆಂಡತಿ, ಹತ್ತು ವರ್ಷದ ಮಗಳು. ನಾಯಿಗಳ ಹತ್ತಿರ ಹೇಗೆ ಹೋಗಬೇಕು ಅಂತ ಮಗುವಿಗೂ ಗೊತ್ತಿತ್ತು, ಪಕ್ಕಕ್ಕೆ ತಿರುಗಿ ಕೂತು ಕೈ ಚಾಚಿ ಸುಮ್ಮನಾದಳು. ಬೆಲ್ಲ ಹೋಗಿ ಅವಳ ತೊಡೆ ಮೇಲೆ ತಲೆ ಇಟ್ಟಳು. ಅವರಿಗೆ ಬೆಲ್ಲ ಬೇಕು. ಬೆಲ್ಲ ಮಾತ್ರ. ಕಾಲು ನೋವು ಹೇಳಿದೆ, ಪರವಾಗಿಲ್ಲ ಅಂದರು. ಎರಡಕ್ಕೆ ಜಾಗ ಇಲ್ಲ ಅಂತ ಮುಚ್ಚುಮರೆಯಿಲ್ಲದೆ ಹೇಳಿದರು. ಆ ರಾತ್ರಿ ನಾನು, ನನ್ನ ಗಂಡ ಲೆಕ್ಕ ಹಾಕಿದೆವು. ಒಂದಕ್ಕಾದರೂ ಒಳ್ಳೇ ಮನೆ ಸಿಗುತ್ತೆ. ಇನ್ನೊಂದನ್ನು ಹೇಗೋ ನಾವೇ ಇಟ್ಕೊಳ್ಳೋಣ. ಎರಡಕ್ಕೂ ಹಟ ಹಿಡಿದರೆ ಎರಡೂ ಉಳಿದುಬಿಟ್ಟರೆ? ಇದನ್ನು ಯೋಚಿಸಿದ್ದಕ್ಕೆ ನನಗೆ ನಾಚಿಕೆಯಿಲ್ಲ. ಯಾರಾದರೂ ಯೋಚಿಸಬೇಕಾದದ್ದೇ.

ಡಾಕ್ಟರ್‌ನ ಕೇಳಿದೆ. ಅವರು ಭಾವುಕರಲ್ಲ. "ಜೊತೆಯಲ್ಲಿ ಇದ್ದ ಮಾತ್ರಕ್ಕೆ ಜೋಡಿ ಅಂತಲ್ಲ" ಅಂದರು. ಕೆಲವು ಮನೆಗಳಲ್ಲಿ ಒಂದು ನಾಯಿ ಇನ್ನೊಂದನ್ನು ಹೆದರಿಸಿಯೇ ಇಟ್ಟಿರುತ್ತೆ, ಬೇರೆ ಮಾಡಿದ ಮೇಲೆ ಹೆದರಿದ್ದು ಅರಳುತ್ತಂತೆ. "ನೀವು ಹೇಳೋದು ಬೇಡ, ನಾಯಿ ಹೇಳಲಿ. ಮೊದಲು ಬೇರೆ ಬೇರೆ ವಾಕಿಂಗ್ ಮಾಡಿಸಿ, ಆಮೇಲೆ ಬೇರೆ ಕೋಣೆ, ಆಮೇಲೆ ಒಂದು ರಾತ್ರಿ. ಊಟ, ನೀರು, ನಿದ್ದೆ ಬರೆದಿಡಿ."

ವಾಕಿಂಗ್ ದಿನ ಬೆಲ್ಲ ಗೇಟಿನ ತನಕ ಬಂದು ತಿರುಗಿ ನಿಂತಳು. ಬೇರೆ ಕೋಣೆ ಒಂದು ಗಂಟೆ ಹೇಗೋ ನಡೆಯಿತು, ಬಾಗಿಲಿನ ಆಚೆ ಈಚೆ ಸಂದಿಗೆ ಮೂಗಿಟ್ಟು ಇಬ್ಬರೂ ಮಲಗಿದರು. ಮೂರನೇ ಸಲ ಬೆಲ್ಲಳನ್ನು ವಾರ್ಜೆಯ ಗೆಳತಿಯ ಮನೆಗೆ ಬಿಟ್ಟು ಬಂದೆ.

ಇಲ್ಲಿ ಬೆಲ್ಲಳ ಕೊರಳ ಗೆಜ್ಜೆಯ ವಿಷಯ ಹೇಳಬೇಕು. ಎರಡು ವರ್ಷದ ಹಿಂದೆ ಶೇಂಗಾ ಬಾಗಿಲಿಗೆ, ಕುರ್ಚಿಗೆ ಬಡಿದುಕೊಳ್ಳಲು ಶುರುಮಾಡಿದಾಗ ಕಾಕು ಬೆಲ್ಲಳ ಪಟ್ಟಿಗೆ ಮೂರು ಗೆಜ್ಜೆ ಹೊಲಿದಿದ್ದರು. ನಮಗೆಲ್ಲ ಅದು ಅಲಂಕಾರ ಅನಿಸಿತ್ತು. ಆ ರಾತ್ರಿ ಗೊತ್ತಾಯಿತು. ಶೇಂಗಾ ಹಾಲ್‌ನ ನಡುವೆ ನಿಂತ. ಮಲಗಲಿಲ್ಲ, ಕೂರಲಿಲ್ಲ, ಬೊಗಳಲಿಲ್ಲ. ತಲೆ ಸ್ವಲ್ಪ ಓರೆ ಮಾಡಿ, ಕಿವಿ ನಿಮಿರಿಸಿ, ಸುಮ್ನೆ ನಿಂತ. ನೀರಿನ ಬಟ್ಟಲು ನಾಲ್ಕು ಹೆಜ್ಜೆ ದೂರ, ದಿನಾ ಕುಡಿಯೋದೇ, ಅಲ್ಲಿಗೂ ಹೋಗಲಿಲ್ಲ. ಮೂಗಿನ ಹತ್ತಿರ ತಂದಿಟ್ಟರೂ ಕುಡಿಯಲಿಲ್ಲ. ರಾತ್ರಿ ಎರಡಕ್ಕೆ ಎದ್ದು ನೋಡಿದೆ, ಹಾಗೇ ನಿಂತಿದ್ದಾನೆ, ಹಿಂಗಾಲು ನಡುಗ್ತಾ ಇದೆ. ಬೆಳಗಿನ ಜಾವ ಅತ್ತೆ ಪೂಜೆಯ ಗಂಟೆ ಬಾರಿಸಿದರು. ಆ ಸದ್ದಿಗೆ ಅವನು ಓಡಿದ ಓಟ ನೋಡಬೇಕಿತ್ತು. ದೇವರ ಕಟ್ಟೆಗೆ ಮುಖ ಬಡಿದುಕೊಂಡ. ಅತ್ತೆ ಗಂಟೆ ಕೆಳಗಿಟ್ಟು, "ಹೋಗಿ ಅದನ್ನ ಕರಕೊಂಡು ಬಾ" ಅಂದರು. ನಾಯಿ ಅಂದರೆ ಮೂಗು ಮುರಿಯೋ ಅತ್ತೆ.

ಬೆಲ್ಲ ವಾರ್ಜೆಯಲ್ಲಿ ಚೆನ್ನಾಗೇ ಇದ್ದಳಂತೆ. ಊಟ ಮಾಡಿದಳು, ನಿದ್ದೆ ಮಾಡಿದಳು. ಇದನ್ನು ಬಚ್ಚಿಡೋದಿಲ್ಲ. ಅವಳು ಅವನಿಲ್ಲದೆ ಬದುಕುತ್ತಾಳೆ. ಅವನು ಆಗಲ್ಲ. ಡಾಕ್ಟರ್‌ಗೆ ಹೇಳಿದೆ. "ಒಂದಕ್ಕೆ ಆಗದಿದ್ದರೂ ಸಾಕು, ಅದು ಜೋಡಿನೇ" ಅಂದರು. ಔಂಧ್‌ನವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಮಗು ಹಿಂದೆ ಅಳೋದು ಕೇಳಿಸಿತು.

ಆಮೇಲೆ ಎರಡನೇ ಜಾಹೀರಾತು ಬರೆದೆ. ಈ ಸಲ ಕನ್ನಡದಲ್ಲೂ ಬರೆದೆ, ಪುಣೆ ಕನ್ನಡಿಗರ ಗುಂಪುಗಳಿಗೆ ಹಾಕೋಣ ಅಂತ. ಯಾಕೆಂದರೆ ಈ ನಾಯಿಗಳಿಗೆ ಕನ್ನಡ ಬಿಟ್ಟು ಬೇರೆ ಗೊತ್ತಿಲ್ಲ. ಬಂದವರೆಲ್ಲ "ಬೈಠ್, ಬೈಠ್" ಅಂತ ಕೂರೋಕೆ ಹೇಳಿದರೆ ಪಿಳಿಪಿಳಿ ನೋಡ್ತಿದ್ದವು. ಅದೂ ವಿಜಯಪುರದ ಕನ್ನಡ. ಬರೆದದ್ದು ಹೆಚ್ಚುಕಡಿಮೆ ಹೀಗೆ:

"ಎರಡು ಮುದಿ ನಾಯಿ. ಒಂದು ಗಂಡು, ಕಣ್ಣಿಗೆ ಪೊರೆ, ಕತ್ತಲಲ್ಲಿ ಏನೂ ಕಾಣಲ್ಲ. ಒಂದು ಹೆಣ್ಣು, ಕಾಲು ನೋವು, ಮೆಟ್ಟಿಲು ಆಗಲ್ಲ. ಗಂಡಿಗೆ ಉಣ್ಣಿ ಜ್ವರ ಬಂದು ವಾಸಿಯಾಗಿದೆ, ಮತ್ತೆ ಬರಬಹುದು. ಇಬ್ಬರ ಬಾಯಿಯೂ ವಾಸನೆ. ಪಟಾಕಿ, ಢೋಲ್ ಅಂದರೆ ಮಂಚದ ಕೆಳಗೆ. ಅಪರಿಚಿತರಿಗೆ ಬೊಗಳಲ್ಲ, ಕಾವಲಿಗೆ ಬರಲ್ಲ. ಬೇರೆ ಮಾಡಿ ಕೊಡಲ್ಲ. ನೆಲಮಹಡಿ ಆಗಬೇಕು. ಎಷ್ಟು ವರ್ಷ ಇರ್ತಾವೋ ಗೊತ್ತಿಲ್ಲ."

ಗಂಡ ಓದಿ, "ಇದು ಜಾಹೀರಾತಾ, ದೂರಾ?" ಅಂದ. ಮೊದಲನೆಯದಕ್ಕೆ ಅರವತ್ತು ಚಿಲ್ಲರೆ ಫೋನ್ ಬಂದಿತ್ತು, ಇದಕ್ಕೆ ಬಂದದ್ದು ಮೂರು. ಆ ಮೂರರಲ್ಲಿ ಒಬ್ಬರೂ "ಯಾವ ಬ್ರೀಡು" ಅಂತ ಕೇಳಲಿಲ್ಲ.

ಮೂರನೆಯವರು ಬಾವ್‌ಧನ್‌ನವರು. ಕುಂದಾಪುರ ಕಡೆಯ ದಂಪತಿ, ಯಜಮಾನರು ಬ್ಯಾಂಕಿನಿಂದ ನಿವೃತ್ತರು. ನೆಲಮಹಡಿ ಮನೆ, ಹಿಂದೆ ಹತ್ತಡಿ ಹಿತ್ತಲು. ಅವರ ಹದಿನಾಲ್ಕು ವರ್ಷದ ನಾಯಿ ಎಂಟು ತಿಂಗಳ ಹಿಂದೆ ಹೋಗಿತ್ತು. ಹೆಂಡತಿ ಫೋನಿನಲ್ಲಿ ಮೊದಲು ಕೇಳಿದ್ದು: "ರಾತ್ರಿ ಎಷ್ಟ್ ಗಂಟಿಗೆ ಒಂದಕ್ಕೆ ಹೋತೊ?" ನನಗೆ ಆಗಲೇ ಅರ್ಧ ಧೈರ್ಯ ಬಂತು. ಹಗಲಿನ ಪ್ರಶ್ನೆ ಎಲ್ಲರೂ ಕೇಳ್ತಾರೆ. ರಾತ್ರಿ ಮೂರಕ್ಕೆ ಎದ್ದು ಬಾಗಿಲು ತೆಗೆದವರು ಮಾತ್ರ ಇದನ್ನು ಕೇಳೋದು.

ಮನೆ ನೋಡಲು ಹೋದೆ. ಅವರ ಹಳೇ ನಾಯಿಯನ್ನು ನೋಡುತ್ತಿದ್ದ ಡಾಕ್ಟರ್ ಯಾರು ಅಂತ ಕೇಳಿ, ಅವರಿಗೂ ಫೋನ್ ಮಾಡಿದೆ. ಬಂದವರು ಎಷ್ಟು ಪ್ರೀತಿಯ ಮಾತಾಡ್ತಾರೆ ಅನ್ನೋದಕ್ಕಿಂತ, ಹಿಂದಿನ ನಾಯಿಯ ಕೊನೇ ಎರಡು ವರ್ಷ ಏನು ಮಾಡಿದರು ಅನ್ನೋದು ಮುಖ್ಯ. ಲಸಿಕೆ ಕಾರ್ಡು, ಬಿಲ್ಲು ಎಲ್ಲ ಒಂದು ಬ್ಯಾಂಕ್ ಫೈಲಿನಲ್ಲಿ ತಾರೀಕಿನ ಪ್ರಕಾರ ಇದ್ದವು. ಮನೆಯಲ್ಲಿ ಎರಡು ತೊಂದರೆ ಕಂಡವು. ಗೇಟಿನ ಕೆಳಗೆ ಸಂದಿ, ಮತ್ತೆ ನುಣುಪು ಟೈಲ್ಸ್. ಬೆಲ್ಲಳ ಕಾಲು ಜಾರುತ್ತೆ ಅಂದೆ. ಮುಂದಿನ ವಾರ ಹೋದಾಗ ಗೇಟಿಗೆ ಜಾಲರಿ, ಹಾಲ್‌ನಿಂದ ಹಿತ್ತಲಿನ ತನಕ ಹಳೇ ಯೋಗಾ ಮ್ಯಾಟ್ ಸಾಲು. ಮನೆಯೊಳಗೆ ರಸ್ತೆ ಹಾಕಿದ ಹಾಗೆ.

ಒಂದು ಪ್ರಶ್ನೆ ಕೇಳಲು ಹಿಂಜರಿದೆ. ಕೇಳದೆ ವಿಧಿಯಿರಲಿಲ್ಲ. ಕಾಕುಗೆ ಆದದ್ದು ನಾಳೆ ಇವರಿಗೂ ಆಗಬಹುದಲ್ವಾ? ಅವರಿಗೆ ಅರವತ್ತೆಂಟು, ಹೆಂಡತಿಗೆ ಅರವತ್ನಾಲ್ಕು. "ಸರ್, ತಪ್ಪು ತಿಳೀಬೇಡಿ, ನಿಮಗೆ ಹುಷಾರಿಲ್ಲ ಅಂದರೆ..." ಅಂತ ತೊದಲಿದೆ. ಅವರು ನಕ್ಕರು. ವಾಕಡ್‌ನಲ್ಲಿರೋ ಮಗಳಿಗೆ ಅಲ್ಲೇ ಫೋನ್ ಹಚ್ಚಿ, "ನಾವ್ ಹೋರೆ ಈ ನಾಯಿ ನೀನ್ ಕಾಂತ್ಯಾ?" ಅಂತ ಕೇಳಿಯೇಬಿಟ್ಟರು. ಮಗಳು ಮರುದಿನ ಬಂದು ಕಾಗದಕ್ಕೆ ಸಹಿ ಹಾಕಿದಳು.

ಕಾಗದ ಅಂದರೆ ಸ್ಟಾಂಪ್ ಪೇಪರ್ ಏನಲ್ಲ, ಒಂದು ಹಾಳೆ. ಇಬ್ಬರನ್ನೂ ಬೇರೆ ಮಾಡಬಾರದು. ಆಗದಿದ್ದರೆ ಬೇರೆಯವರಿಗೆ ಕೊಡಬಾರದು, ನನಗೇ ವಾಪಸ್. ಹದಿನೈದು ದಿನ ಪ್ರಯೋಗ, ಆ ಅವಧಿಯಲ್ಲಿ ಕಾರಣ ಕೇಳದೆ ವಾಪಸ್ ತಗೋತೀನಿ. ಮೊದಲ ಆರು ತಿಂಗಳ ಔಷಧಿಗೆ ತಿಂಗಳಿಗೆ ಎರಡು ಸಾವಿರ ಕಾಕುವಿನ ಮಗನದು. ಆಧಾರ್ ಪ್ರತಿ, ಲಸಿಕೆ ಕಾರ್ಡು, ರಕ್ತದ ರಿಪೋರ್ಟು ಸೇರಿಸಿ ಪಿನ್ ಹೊಡೆದೆ. ಅದರ ಜೊತೆ ಇನ್ನೊಂದು ಹಾಳೆ, ಅದೇ ಮುಖ್ಯವಾದದ್ದು: ನಾಯಿಗಳಿಗೆ ಗೊತ್ತಿರೋ ಹನ್ನೊಂದು ಮಾತು. ಕೂಡು. ಏಳು. ಬಾರಲೇ. ಬ್ಯಾಡ. ಹೊರಗ ಹೋಗೂಣು. ಭಾಕ್ರಿ. ಹೀಗೆ. ಯಜಮಾನರು ಕನ್ನಡಕ ಏರಿಸಿ ಓದಿ, "ಹ್ವಾಯ್, ಇದ್ ನಮ್ಗೇ ಬತ್ತಿಲ್ಲೆ" ಅಂದರು.

ಯಾವಾಗ ಕಳಿಸೋದು ಅನ್ನೋದಕ್ಕೂ ಲೆಕ್ಕ ಇತ್ತು. ಆ ವರ್ಷ ಗಣಪತಿ ಕೂತಿದ್ದು ಆಗಸ್ಟ್ 27ಕ್ಕೆ, ಮುಳುಗಿದ್ದು ಸೆಪ್ಟೆಂಬರ್ 6ಕ್ಕೆ. ಪುಣೆಯ ಢೋಲ್ ತಾಶಾ ನಡುವೆ ಹೊಸ ಮನೆಗೆ ಹೋದರೆ ಜೀವ ಬಾಯಿಗೆ ಬರುತ್ತೆ. ತೀರಾ ತಡ ಮಾಡಿದರೆ ದೀಪಾವಳಿ ಪಟಾಕಿ. ನಡುವೆ ಸೆಪ್ಟೆಂಬರ್ 14ರ ಭಾನುವಾರ ಅಂತ ಇಟ್ಟುಕೊಂಡೆವು. ಅದಕ್ಕೆ ಮುಂಚೆ ಎರಡು ಭಾನುವಾರ ಅವರೇ ನಮ್ಮ ಮನೆಗೆ ಬಂದು ಕೂತು, ಊಟ ಹಾಕಿ ಹೋದರು.

ಕೊಂಡೊಯ್ಯಲು ರಿಕ್ಷಾ. ಎರಡು ನಾಯಿ ನೋಡಿ ನಾಲ್ಕು ಜನ ಬರಲ್ಲ ಅಂದರು. ಐದನೆಯವನು ನೂರು ರೂಪಾಯಿ ಜಾಸ್ತಿ ಕೇಳಿ ಒಪ್ಪಿದ. ಮಲಗುವ ರಗ್ಗನ್ನು ಒಗೆಯದೆ ಹಾಗೇ ಮಡಚಿಕೊಂಡೆ, ಕಾಕುವಿನ ಮನೆಯ ವಾಸನೆ ಇರಲಿ ಅಂತ. ಇಬ್ಬರಿಗೂ ಎರಡೆರಡು ಹಗ್ಗ, ಒಂದು ಕೊರಳಪಟ್ಟಿಗೆ, ಒಂದು ಎದೆಪಟ್ಟಿಗೆ. ಹೊಸ ಜಾಗದಲ್ಲಿ ಮೊದಲ ವಾರಗಳಲ್ಲೇ ನಾಯಿ ಕೊರಳು ಬಿಡಿಸಿಕೊಂಡು ಹಳೇ ಮನೆ ದಿಕ್ಕಿಗೆ ಓಡೋದು. ಚಾಂದನಿ ಚೌಕದ ಫ್ಲೈಓವರ್ ಮೇಲೆ ಗಾಳಿ ಬೀಸಿದಾಗ ಬೆಲ್ಲ ಮೂಗು ಹೊರಗಿಟ್ಟಳು. ಗೆಜ್ಜೆ ಕುಣೀತಾ ಇತ್ತು. ಶೇಂಗಾ ನನ್ನ ಪಾದದ ಮೇಲೆ ಮಲಗಿದ್ದ.

ನಾನು ಬಾಗಿಲಲ್ಲಿ ಅಳಲಿಲ್ಲ. ವಾಪಸ್ ಬರೋ ರಿಕ್ಷಾದಲ್ಲಿ ಅತ್ತುಬಿಟ್ಟೆ. ಡ್ರೈವರ್ ನೂರು ರೂಪಾಯಿ ಬಿಟ್ಟುಕೊಟ್ಟ.

ಹೊಸ ನಾಯಿಗೆ ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಹೇಳ್ತಾರೆ. ಮೂರು ದಿನ ಹೆದರಿಕೆ, ಮೂರು ವಾರಕ್ಕೆ ಮನೆಯ ಕ್ರಮ, ಮೂರು ತಿಂಗಳಿಗೆ ತನ್ನ ಮನೆ ಅನ್ನೋದು. ಬೆಲ್ಲಳಿಗೆ ಒಂದೇ ದಿನ ಸಾಕಾಯಿತು. ಶೇಂಗಾ ಎರಡು ದಿನ ಸ್ಟೋರ್ ರೂಮಿನಿಂದ ಹೊರಗೆ ಬರಲಿಲ್ಲ, ಒಳಗೇ ಉಚ್ಚೆ. ಮೂರನೇ ರಾತ್ರಿ ಗೆಜ್ಜೆ ಸದ್ದಿನ ಹಿಂದೆ ಯೋಗಾ ಮ್ಯಾಟ್ ಮೇಲೆ ನಡೆದು ಹಿತ್ತಲಿಗೆ ಬಂದನಂತೆ. ರಾತ್ರಿ ಮೂರು ಗಂಟೆಗೆ ನನಗೆ ಫೋಟೊ ಬಂತು. ಕತ್ತಲು, ಎರಡು ಬಾಲ, ಒಂದು ಪಂಚೆ.

ನಾನು ಮೂರು ವಾರ ಹೋಗಲಿಲ್ಲ. ಹೋದರೆ ಮತ್ತೆ ಹಳೇ ಮನೆ ನೆನಪು ಅಂತ ಎಲ್ಲರೂ ಹೇಳಿದ್ದರು. ಒಂಬತ್ತನೇ ದಿನ ಯಜಮಾನರ ಫೋನ್. ಕಾಲು ನೋವಿಗೆ ತಮ್ಮ ಮಂಡಿ ನೋವಿನ ಮಾತ್ರೆಯಲ್ಲಿ ಕಾಲು ಭಾಗ ಕೊಡಲಾ ಅಂತ ಕೇಳಿದರು. ಬೇಡವೇ ಬೇಡ ಅಂತ ಕಿರುಚಿದೆ. ನಮ್ಮ ಐಬುಪ್ರೊಫೇನ್, ಪ್ಯಾರಸಿಟಮಾಲ್ ನಾಯಿಗೆ ವಿಷ ಆಗಬಹುದು. ಅದನ್ನು ಹಾಳೆಯಲ್ಲಿ ಬರೆಯೋದು ಮರೆತಿದ್ದೆ, ತಪ್ಪು ನನ್ನದೇ. ಕೊಡುವ ಮೊದಲು ಕೇಳಿದರಲ್ಲ, ಸದ್ಯ.

ದೀಪಾವಳಿಗೆ ಸ್ಟೋರ್ ರೂಮಿನ ಕಿಟಕಿಗೆ ಗಾದಿ ಕಟ್ಟಿ, ಫ್ಯಾನು ಜೋರಾಗಿ ಹಾಕಿ, ಯಕ್ಷಗಾನದ ರೆಕಾರ್ಡಿಂಗ್ ಹಚ್ಚಿದ್ದರು. ಪಟಾಕಿಗೆ ಹೆದರೋ ನಾಯಿಗೆ ಚೆಂಡೆಯಾ ಅಂತ ನಾನು ಬೆಚ್ಚಿದೆ. ಇಬ್ಬರೂ ಗೊರಕೆ ಹೊಡೀತಾ ಇದ್ದರಂತೆ. ನನ್ನ ಯಾವ ಹಾಳೆಯಲ್ಲೂ ಇರದ ಉಪಾಯ.

ಕಾಕು ಆಗ ಸ್ವಲ್ಪ ನಡೆಯಲು ಶುರುಮಾಡಿದ್ದರು. ವಿಡಿಯೊ ಕಾಲ್ ಮಾಡಿಸಿದೆ. ಮುಖ ನೋಡಿ ಅಳ್ತಾರೇನೋ ಅಂದುಕೊಂಡಿದ್ದೆ. ಕಾಕು ಕೇಳಿದ್ದು ಒಂದೇ: "ಭಾಕ್ರಿ ಹಾಕ್ತೀರೇನ್ರಿ?" ಕುಂದಾಪುರದವರು ಮುಖ ಮುಖ ನೋಡಿಕೊಂಡರು. "ಇಲ್ಲೆ ಅಮ್ಮ, ಗಂಜಿ. ಕುಚ್ಚಲಕ್ಕಿದು." ಕಾಕು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗಂಜಿ ಕುಡದು ನಾಯಿ ಬದುಕ್ತಾವೇನ್ರಿ?"

ಮುಂದಿನ ವಾರ ಬೆಂಗಳೂರಿನಿಂದ ಬಾವ್‌ಧನ್‌ಗೆ ಐದು ಕಿಲೋ ಜೋಳದ ಹಿಟ್ಟು ಕೊರಿಯರ್ ಬಂತು. ಪುಣೆಯಲ್ಲಿ ಜೋಳದ ಹಿಟ್ಟು ಸಿಗಲ್ವಾ ಅಂತ ಯಾರೂ ಕೇಳಲಿಲ್ಲ. ಕಾಕು ಮಂಚದ ಮೇಲೆ ಕೂತು ಫೋನಿನಲ್ಲೇ ಕಲಿಸಿದರು: ಬಿಸಿನೀರು ಹಾಕ್ರಿ, ಚಲೋ ನಾದ್ರಿ, ಕೈ ಹಗುರ ಬಡೀರಿ. ಮೊದಲ ನಾಲ್ಕು ಹರಿದವು. ಐದನೆಯದು ದುಂಡಗೆ ಬಂದದ್ದನ್ನು ಆಕೆ ಕ್ಯಾಮೆರಾಕ್ಕೆ ತೋರಿಸಿದರು. ಹರಿದ ನಾಲ್ಕು ಅಷ್ಟರಲ್ಲಿ ಖಾಲಿಯಾಗಿದ್ದವು. ಹಿಂದೆ ಗೆಜ್ಜೆ ಸದ್ದು. ಕಾಕು, "ನೋಡ್ರಿ, ಹೆಂಗ ತಿಂತಾವ" ಅಂತ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಡಿಸೆಂಬರ್‌ನಲ್ಲಿ ನಾನು ಹೋದಾಗ ಎರಡೂ ಒಂದೊಂದು ಕಿಲೋ ದಪ್ಪ ಆಗಿದ್ದವು, ಮೈ ಮಿರಿಮಿರಿ. ಕಾರಣ ಅಡುಗೆಮನೆಯಿಂದಲೇ ಮೂಗಿಗೆ ಬಡಿಯಿತು. ಬಂಗುಡೆ. ಬೇಯಿಸಿ, ಮುಳ್ಳು ಒಂದೊಂದೇ ಬಿಡಿಸಿ, ಭಾಕರಿಗೆ ಕಲಸಿ ಹಾಕ್ತಾರೆ. ಕಾಕು ಈರುಳ್ಳಿಯನ್ನೂ ಸೋಮವಾರ ಮುಟ್ಟದವರು. ಮೊಟ್ಟೆಯನ್ನು ಡಾಕ್ಟರ್ ಹೇಳಿದ್ದಕ್ಕೆ ಅಂತ ಹಿತ್ತಲಲ್ಲಿ ಬೇರೆ ಪಾತ್ರೆಯಲ್ಲಿ ಬೇಯಿಸುತ್ತಿದ್ದವರು. ಬಂಗುಡೆಯ ವಿಷಯ ಅವರಿಗೆ ಇನ್ನೂ ಗೊತ್ತಿಲ್ಲ. ನಾನಂತೂ ಹೇಳಲ್ಲ.